ಮೀನಿಲ್ಲದ ತೊಟ್ಟಿಗೆ ದಿನವೂ ಚಿಟಿಕೆ ಆಹಾರ

ಹೋದ ತಿಂಗಳು ನನ್ನ ತಮ್ಮ ಕಟ್ಟಿಸಿದ ಹೊಸ ಕುರಿಶೆಡ್ಡು ನೋಡಲು ನನ್ನಿವಾಳದ ಹತ್ತಿರದ ನಮ್ಮ ಹಟ್ಟಿಗೆ ಹೋಗಿದ್ದೆ. ಹಿಂದಿನ ದಿನ ಮಳೆ ಬಿದ್ದಿತ್ತು. ಬೆಳಿಗ್ಗೆ ಶೆಡ್ಡಿನ ತಗಡಿನ ಬಾಗಿಲು ಸರಿಸಿದ್ದೇ ತಡ, ನೆನೆದ ಹಿಕ್ಕೆ, ಗಂಜಲ ಎರಡೂ ಸೇರಿದ ಘಾಟು ಮೂಗಿಗೆ ಹೊಡೆಯಿತು. ಜೊತೆಗೆ ಬಂದಿದ್ದ ಮಗಳು ದುಪಟ್ಟಾದಲ್ಲಿ ಮೂಗು ಮುಚ್ಚಿಕೊಂಡು ಹೊರಗೆ ಓಡಿದಳು. ನಾನು ನಿಂತೇ ಇದ್ದೆ. ಈ ಘಾಟಿನ ಹೆಸರು ಅಮೋನಿಯಾ. ಹುಟ್ಟಿದಾಗಿನಿಂದ ಮೂಗಿಗೆ ಗೊತ್ತಿದ್ದ ಅದಕ್ಕೆ ಹೆಸರು ಸಿಕ್ಕಿದ್ದು ಕಾಲೇಜಿನಲ್ಲಿ. ಆ ಹೆಸರೂ ಈ ವಾಸನೆಯೂ ಒಂದೇ ಎಂದು ತಲೆಗೆ ಹೋದದ್ದು ಮಾತ್ರ ಎರಡು ಸಾವಿರದ ಮೂರರಲ್ಲಿ, ಮೊಳಕಾಲ್ಮುರಿನ ಒಂದು ಖಾಸಗಿ ಹೈಸ್ಕೂಲಿನ ವರಾಂಡದಲ್ಲಿ, ಸತ್ತ ಮೀನುಗಳ ತೊಟ್ಟಿಯೊಂದರ ಮುಂದೆ.

ನಮ್ಮ ಹಟ್ಟಿಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಗಂಡುಹುಡುಗರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಏಕೆಂದರೆ ಅದನ್ನು ಯಾರೂ ಕೈಗೆ ತಂದುಕೊಡಲಿಲ್ಲ. ರಜೆಯಲ್ಲಿ ಅಪ್ಪನ ಬದಲು ಕುರಿ ಹೊಡೆದುಕೊಂಡು ಕಾವಲಿನ ಹುಲ್ಲುಬಯಲಿಗೆ ಹೋಗಿ, ಜಾಲಿಮರದ ನೆರಳಲ್ಲಿ ಪ್ರಾಣಿಶಾಸ್ತ್ರದ ನೋಟ್ಸು ಬಾಯಿಪಾಠ ಮಾಡಿದ್ದೇನೆ. ಚಳ್ಳಕೆರೆಯ ಕಾಲೇಜಿಗೆ ಮೂರು ವರ್ಷ ಬಸ್ಸಿನಲ್ಲಿ ನಿಂತೇ ಹೋಗಿದ್ದೇನೆ. ಬಿ.ಎಸ್ಸಿ. ಫಸ್ಟ್ ಕ್ಲಾಸಿನಲ್ಲಿ ಆಯಿತು. ಆ ಜೂನ್‌ನಲ್ಲಿ ಮೊಳಕಾಲ್ಮುರಿನ ಶಾಲೆಯಲ್ಲಿ ವಿಜ್ಞಾನದ ಟೀಚರ್ ಕೆಲಸ ಸಿಕ್ಕಿತು. ತಾತ್ಕಾಲಿಕ, ಒಂದೇ ವರ್ಷಕ್ಕೆ. ಆಡಳಿತ ಮಂಡಳಿಗೆ ಹಿಡಿಸಿದರೆ ಮುಂದಿನ ವರ್ಷದಿಂದ ಕಾಯಂ. ಇಲ್ಲದಿದ್ದರೆ ಹಟ್ಟಿಗೆ ವಾಪಸ್ಸು.

ಅವ್ವ ನನ್ನ ಟ್ರಂಕನ್ನು ಬಸ್ಸಿಗೆ ಏರಿಸುವಾಗಲೇ ಹೇಳಿದ್ದಳು. "ಒಂದು ವರ್ಷ ನಿನ್ನ ಕೆಲಸ ನೋಡ್ತೀನಿ ಬೋರಮ್ಮ. ಅದು ನಿಂತ್ರೆ ಸರಿ. ನಿಲ್ಲಲಿಲ್ಲ ಅಂದ್ರೆ ನಾನು ಗಂಡು ನೋಡ್ತೀನಿ."

"ಗಂಡು ನಿಂತ್ಕಂತಾನೇನವ್ವ?"

"ಬಾಯಿ ಮುಚ್ಚು, ಬಸ್ಸು ಹೊಂಟೈತೆ."

ಮೊಳಕಾಲ್ಮುರಿನಲ್ಲಿ ಸೀರೆ ನೇಯುವವರ ಮನೆಯ ಹಿಂದಿನ ಕೋಣೆ ಬಾಡಿಗೆಗೆ ಹಿಡಿದೆ. ಬೆಳಗಾಗುತ್ತಲೇ ಗೋಡೆಯಾಚೆ ಮಗ್ಗದ ಸದ್ದು ಶುರುವಾಗುತ್ತಿತ್ತು. ಅದೇ ನನ್ನ ಅಲಾರಾಂ. ಆ ವರ್ಷ ಆಷಾಢದ ಗಾಳಿ ಶ್ರಾವಣ ಬಂದರೂ ನಿಲ್ಲಲಿಲ್ಲ. ಕರಿಹಲಗೆ ಒರೆಸಿದ ಹತ್ತು ನಿಮಿಷಕ್ಕೆ ಅದರ ಮೇಲೆ ಬೆರಳಲ್ಲಿ ಬರೆಯುವಷ್ಟು ದೂಳು ಕೂರುತ್ತಿತ್ತು.

ಶಾಲೆಯ ಅಧ್ಯಕ್ಷರು ಚನ್ನಬಸಪ್ಪನವರು ರೇಷ್ಮೆ ಸೀರೆಯ ವ್ಯಾಪಾರಿ. ಬಳ್ಳಾರಿಯ ಯಾವುದೋ ಹೋಟೆಲಿನಲ್ಲಿ ಗಾಜಿನ ತೊಟ್ಟಿಯಲ್ಲಿ ಮೀನು ಓಡಾಡುವುದನ್ನು ಕಂಡು ಮನಸೋತಿದ್ದರು. ಸ್ವಾತಂತ್ರ್ಯ ದಿನದಂದು ಅಂಥದೇ ಒಂದನ್ನು ಶಾಲೆಗೆ ಕೊಡುಗೆಯಾಗಿ ತಂದರು. ಮೂರಡಿ ಉದ್ದ, ತಳಕ್ಕೆ ಬಣ್ಣದ ಕಲ್ಲು, ಮೂಲೆಯಲ್ಲಿ ಗುಳುಗುಳು ಎನ್ನುವ ಸ್ಪಂಜಿನ ಫಿಲ್ಟರು, ಮೇಲೊಂದು ಟ್ಯೂಬ್‌ಲೈಟು. ಆಫೀಸಿನ ಎದುರಿನ ವರಾಂಡದಲ್ಲಿ ಇಟ್ಟು, ಬೋರ್‌ವೆಲ್ ನೀರು ತುಂಬಿಸಿ, ಅದೇ ಗಳಿಗೆಯಲ್ಲಿ ಪ್ಲಾಸ್ಟಿಕ್ ಚೀಲದಿಂದ ಎಂಟು ಬಂಗಾರದ ಬಣ್ಣದ ಮೀನು ಬಿಟ್ಟರು. ಮಕ್ಕಳು ಚಪ್ಪಾಳೆ ತಟ್ಟಿದರು. "ವಿಜ್ಞಾನದ ಟೀಚರ್ ಅದಾರಲ್ಲ, ಅವರೇ ನೋಡ್ಕಂತಾರೆ" ಎಂದು ಅಧ್ಯಕ್ಷರು ಎಲ್ಲರೆದುರಿಗೆ ನನಗೆ ಒಪ್ಪಿಸಿದರು.

ಐದನೆಯ ದಿನ ಒಂದು ಮೀನು ಹೊಟ್ಟೆ ಮೇಲೆ ಮಾಡಿ ತೇಲಿತು. ವಾರ ಕಳೆಯುವುದರೊಳಗೆ ಎಂಟೂ ಹೋದವು. ಅಧ್ಯಕ್ಷರು ಮತ್ತೆ ಎಂಟು ತರಿಸಿದರು. ನಾನು ನೀರನ್ನು ಪೂರ್ತಿ ಬದಲಿಸಿದೆ, ಕಲ್ಲು ತೊಳೆದೆ, ಆಹಾರ ಕಮ್ಮಿ ಮಾಡಿದೆ. ಗಣೇಶನ ಹಬ್ಬಕ್ಕೆ ಎರಡು ದಿನ ರಜೆ. ತಿರುಗಿ ಬಂದು ನೋಡಿದರೆ ಅವೂ ಮುಗಿದಿದ್ದವು.

ಹೆಡ್‌ಮಾಸ್ಟರ ಕೋಣೆಗೆ ಕರೆಸಿದ ಅಧ್ಯಕ್ಷರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಎಂಟು ಮೀನು ಬದುಕಿಸಾಕೆ ಬರ್ಲಿಲ್ಲ ಅಂದ್ರೆ ಇನ್ನೂರು ಮಕ್ಕಳಿಗೆ ಏನು ವಿಜ್ಞಾನ ಕಲಿಸ್ತೀಯಮ್ಮ? ನಮ್ಮಕ್ಕನ ಮಗ ಎಂ.ಎಸ್ಸಿ. ಮಾಡಿ ಮನೇಲಿ ಕುಂತವ್ನೆ. ನಾನು ಹೇಳಬಾರ್ದು, ಆದ್ರೂ ಹೇಳ್ತೀನಿ" ಎಂದರು.

ಹೊರಗೆ ಬಂದೆ. ಅಳು ಬರಲಿಲ್ಲ, ಕೋಪ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಶಾಲೆಯ ಆಯಾ ತಿಪ್ಪಕ್ಕ ಆಗಲೇ ತೊಟ್ಟಿಯ ನೀರನ್ನು ಮೊಗೆದು ಬಕೆಟ್ಟಿಗೆ ಹಾಕುತ್ತಿದ್ದಳು. ಆಂಧ್ರದ ಗಡಿಯ ಹಳ್ಳಿಯವಳು, ಐವತ್ತು ದಾಟಿದವಳು. "ಪಾಪಂ, ಪಾಪಂ" ಎಂದು ತೆಲುಗಿನಲ್ಲಿ ಮರುಗುತ್ತ ಒಂದೊಂದೇ ಮೀನನ್ನು ಎತ್ತಿ ಪೇಪರಿನ ಮೇಲೆ ಇಡುತ್ತಿದ್ದಳು. ನಾನೂ ಒಂದು ಜಗ್ಗು ಹಿಡಿದು ತೊಟ್ಟಿಗೆ ಬಗ್ಗಿದೆ. ಕೊಳೆತ ವಾಸನೆಯ ಅಡಿಯಲ್ಲಿ ಇನ್ನೊಂದು ಸಣ್ಣ ಘಾಟು ಇತ್ತು. ಮೂಗು ಅದನ್ನು ತಕ್ಷಣ ಹಿಡಿಯಿತು. ನಮ್ಮ ಹಟ್ಟಿಯಲ್ಲಿ ಕುರಿ ಕೂಡುವ ರೊಪ್ಪದ ಘಾಟು.

ಅಲ್ಲೇ ನೆಲದ ಮೇಲೆ ಕೂತೆ. ಬಿ.ಎಸ್ಸಿ. ಎರಡನೆಯ ವರ್ಷದ ಪರೀಕ್ಷೆಯಲ್ಲಿ ಸಾರಜನಕದ ಚಕ್ರದ ಮೇಲೆ ಹತ್ತು ಅಂಕದ ಪ್ರಶ್ನೆ ಬಂದಿತ್ತು. ಬಾಣ ಹಾಕಿ ಚಿತ್ರ ಬರೆದು, ಒಂದಕ್ಷರ ಬಿಡದೆ ಉತ್ತರಿಸಿದ್ದೆ. ಮೀನಿನ ಹೇಲುಚ್ಚೆಯಿಂದ, ಉಳಿದ ಆಹಾರದಿಂದ ಅಮೋನಿಯಾ ಆಗುತ್ತದೆ, ಅದು ವಿಷ. ಒಂದು ಜಾತಿಯ ಬ್ಯಾಕ್ಟೀರಿಯ ಅದನ್ನು ತಿಂದು ನೈಟ್ರೈಟ್ ಮಾಡುತ್ತದೆ, ಅದೂ ವಿಷ. ಇನ್ನೊಂದು ಜಾತಿ ಆ ನೈಟ್ರೈಟನ್ನು ತಿಂದು ನೈಟ್ರೇಟ್ ಮಾಡುತ್ತದೆ. ಅದು ಸಾಧು, ಆಗಾಗ ಒಂದಷ್ಟು ನೀರು ಬದಲಿಸಿದರೆ ಸಾಕು. ಹಳೆಯ ಕೆರೆ, ಬಾವಿಗಳಲ್ಲಿ ಈ ಎರಡೂ ಜಾತಿ ಕಲ್ಲಿಗೆ ಕಚ್ಚಿಕೊಂಡು ಸದಾ ಇರುತ್ತವೆ. ಹೊಸ ಗಾಜಿನ ತೊಟ್ಟಿಯಲ್ಲಿ ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ಸಾಲದ್ದಕ್ಕೆ, ನಮ್ಮ ಕಡೆಯ ಬೋರಿನ ಕ್ಷಾರದ ನೀರಿನಲ್ಲಿ ಅಮೋನಿಯಾ ಇನ್ನೂ ಕಟು. ಇಷ್ಟೂ ನನಗೆ ಗೊತ್ತಿತ್ತು. ಗೊತ್ತಿದ್ದದ್ದು ಉತ್ತರಪತ್ರಿಕೆಯಲ್ಲಿತ್ತು, ಮೀನು ವರಾಂಡದಲ್ಲಿತ್ತು. ಎರಡನ್ನೂ ಒಂದು ಕಡೆ ಇಟ್ಟು ನೋಡಿರಲಿಲ್ಲ. ಹದಿನಾರು ಮೀನನ್ನು ಕೊಂದವಳು ನಾನೇ.

ಸಂಜೆ ಅಧ್ಯಕ್ಷರ ಸೀರೆ ಅಂಗಡಿಗೇ ಹೋದೆ. "ಸರ್, ಎಂಟು ವಾರ ಕೊಡ್ರಿ. ಅಲ್ಲೀವರೆಗೂ ಒಂದು ಮೀನೂ ತರಬ್ಯಾಡ್ರಿ. ಮೊದ್ಲು ತೊಟ್ಟಿ ಪಳಗಿಸ್ತೀನಿ."

"ತೊಟ್ಟಿ ಏನು ಹೋರಿನೇನಮ್ಮ, ಪಳಗಿಸಾಕೆ?"

"ಹೋರಿಗಿಂತ ಹಟ ಐತೆ ಸರ್ ಅದಕ್ಕೆ."

ಸೀರೆ ಮಡಿಸುತ್ತಿದ್ದವರು ನಕ್ಕರು. ಅಧ್ಯಕ್ಷರು ನಗು ತಡೆದುಕೊಂಡರು. "ರಾಜ್ಯೋತ್ಸವಕ್ಕೆ ಇಲಾಖೆ ಸಾಹೇಬ್ರು ಬರ್ತಾರೆ. ಅವತ್ತು ಅದ್ರಾಗೆ ಮೀನು ಓಡಾಡ್ತಿರಬೇಕು. ಇಲ್ಲಾಂದ್ರೆ ಮುಂದಿನ ವರ್ಷದ ಮಾತು ನನ್ನ ಹತ್ರ ಆಡಬ್ಯಾಡ."

"ಆಡಲ್ಲ ಸರ್" ಅಂದೆ.

ಆ ಶನಿವಾರ ಶಾಲೆ ಬಿಟ್ಟವಳೇ ಚಳ್ಳಕೆರೆಯ ಬಸ್ಸು ಹತ್ತಿದೆ. ನಮ್ಮ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನ ಅಟೆಂಡರ್ ಓಬಳೇಶಣ್ಣನಿಗೆ ನಾನು ಒಡೆದ ಪಿಪೆಟ್ಟುಗಳ ನೆನಪು ಇನ್ನೂ ಇತ್ತು. "ಯಾಕಮ್ಮ, ಇನ್ನೂ ಏನಾದ್ರೂ ಒಡಿಯೋದೈತಾ?" ಅಂದ. ವಿಷಯ ಹೇಳಿದೆ. ಒಳಗೆ ಹೋಗಿ ಮೇಷ್ಟ್ರ ಒಪ್ಪಿಗೆ ಕೇಳಿಕೊಂಡು ಬಂದು, ಎರಡು ಕಂದು ಬಾಟಲಿ, ಆರು ಟೆಸ್ಟ್‌ಟ್ಯೂಬು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟ. ಒಂದು ಬಾಟಲಿಯ ಹನಿ ಹಾಕಿದರೆ ಅಮೋನಿಯಾ ಇದ್ದ ನೀರು ಹಳದಿಯಾಗುತ್ತದೆ. ಇನ್ನೊಂದರ ಹನಿಗೆ, ನೈಟ್ರೈಟ್ ಇದ್ದರೆ, ಗುಲಾಬಿ. "ಹಳದೀದ್ರಾಗೆ ಪಾದರಸ ಐತೆ. ಮಕ್ಕಳ ಕೈಗೆ ಕೊಡಬ್ಯಾಡ, ನೀನೂ ಊಟದ ಕೈಯಾಗೆ ಮುಟ್ಟಬ್ಯಾಡ" ಎಂದು ಮೂರು ಸಲ ಹೇಳಿ ಕಳಿಸಿದ.

ಸೋಮವಾರದಿಂದ ಶುರು. ಹೊಸ ನೀರು ತುಂಬಿಸಿ, ಫಿಲ್ಟರು ಓಡಿಸಿ, ದಿನಾ ಪ್ರಾರ್ಥನೆಗೆ ಮುಂಚೆ ಆ ತೊಟ್ಟಿಗೆ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿದ್ದೆ. ಅದು ಕೊಳೆತು ಅಮೋನಿಯಾ ಆಗಬೇಕು. ಅಮೋನಿಯಾ ತಿನ್ನುವವು ಬೆಳೆಯಬೇಕು. ಅವು ಬಿಟ್ಟದ್ದನ್ನು ತಿನ್ನುವವು ಅವುಗಳ ಹಿಂದೆ ಬರಬೇಕು. ನೋಡುವವರಿಗೆ ಕಾಣುತ್ತಿದ್ದುದು ಇಷ್ಟೇ: ಬಿ.ಎಸ್ಸಿ. ಓದಿದ ಹೆಣ್ಣುಮಗಳು ಖಾಲಿ ನೀರಿಗೆ ಊಟ ಹಾಕುತ್ತಿದ್ದಾಳೆ.

ಹೆಡ್‌ಮಾಸ್ಟರು ಕನ್ನಡ ಪಾಠ ಮಾಡುತ್ತಿದ್ದ ತಮಾಷೆಯ ಮನುಷ್ಯ. "ಏನ್ರಿ ಬೋರಮ್ಮ, ನೈವೇದ್ಯ ಆಯ್ತಾ?"

"ಆಯ್ತು ಸರ್."

"ದೇವರೇ ಕಾಣ್ಸಲ್ವಲ್ರಿ?"

"ನಿಮಗೆ ಭಕ್ತಿ ಸಾಲದು ಸರ್."

ಸ್ಟಾಫ್‌ರೂಮಿನಲ್ಲಿ ನಗು. ಎಂಟನೆಯ ತರಗತಿಯ ಮಕ್ಕಳಂತೂ ಇಲ್ಲದ ಮೀನುಗಳಿಗೆ ಹೆಸರಿಟ್ಟು, "ಮಿಸ್, ಇವತ್ತು ರಾಜ ಊಟ ಮಾಡ್ಲಿಲ್ಲ" ಎಂದು ವರದಿ ಒಪ್ಪಿಸುತ್ತಿದ್ದರು. ನಾನೂ ನಗುತ್ತಿದ್ದೆ. ನಗುತ್ತಲೇ ಇನ್ನೊಂದು ಚಿಟಿಕೆ ಹಾಕುತ್ತಿದ್ದೆ.

ಕರೆಂಟು ಹೋದರೆ ಫಿಲ್ಟರು ನಿಲ್ಲುತ್ತಿತ್ತು. ಗಾಳಿ ಸಿಗದಿದ್ದರೆ ಆ ಕಾಣದ ಜೀವಗಳೂ ಸಾಯುತ್ತವೆ. ಆಗ ಜಗ್ಗಿನಲ್ಲಿ ನೀರು ಮೊಗೆದು ಮೇಲಿನಿಂದ ಸುರಿಯುವುದು. ಮತ್ತೆ ಮೊಗೆಯುವುದು, ಮತ್ತೆ ಸುರಿಯುವುದು. ಮಧ್ಯಾಹ್ನದ ಬಿಡುವು ಎಷ್ಟೋ ದಿನ ಹಾಗೇ ಕಳೆಯಿತು. ಭಾನುವಾರವೂ ಬರುತ್ತಿದ್ದೆ. ಬಣ್ಣಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಮೊದಲ ವಾರ ತಿಳಿ ಹಳದಿ. ಎರಡನೆಯ ವಾರ ಕಡಲೆಹಿಟ್ಟಿನ ಬಣ್ಣ. ಮೂರನೆಯ ವಾರ ಟೀ ಡಿಕಾಕ್ಷನ್ನಿನಂತೆ ಕಂದು. ಹೆದರಿ ಎರಡು ದಿನ ಆಹಾರ ನಿಲ್ಲಿಸಿದೆ. ನೀರು ಮಬ್ಬಾಯಿತು. ಕಲ್ಲಿನ ಮೇಲೆ, ಗಾಜಿನ ಮೇಲೆ ಕಂದು ಲೋಳೆ ಕೂತಿತು. ನಾಲ್ಕನೆಯ ಸೋಮವಾರ ಎರಡನೆಯ ಬಾಟಲಿಯ ಹನಿಗೆ ನೀರು ಗುಲಾಬಿಯಾಯಿತು. ಟೆಸ್ಟ್‌ಟ್ಯೂಬನ್ನು ಬೆಳಕಿಗೆ ಹಿಡಿದು ನಿಂತುಬಿಟ್ಟೆ. ಡಿಗ್ರಿ ರಿಸಲ್ಟಿನ ದಿನ ನೋಟಿಸ್ ಬೋರ್ಡಿನಲ್ಲಿ ನನ್ನ ನಂಬರು ಕಂಡಾಗಲೂ ಅಷ್ಟು ಹೊತ್ತು ನಿಂತಿರಲಿಲ್ಲ. ಮೊದಲ ಜಾತಿ ಬಂದು ಕೆಲಸ ಹಿಡಿದಿತ್ತು.

ಅದಾದ ಎರಡು ದಿನಕ್ಕೆ, ದಸರಾ ರಜೆ ಬಿಡುವ ಮುಂಚೆ, ಶಾಲೆಯಲ್ಲಿ ಆಯುಧಪೂಜೆ. ನಮ್ಮ ಕಡೆ ಆಯುಧಪೂಜೆ ಅಂದರೆ ತೊಳೆಯದ ವಸ್ತು ಉಳಿಯಬಾರದು. ಮಗ್ಗ, ಮೋಟಾರು, ಬೈಕು, ಕುಡುಗೋಲು, ಹೊಲಿಗೆ ಯಂತ್ರ, ಎಲ್ಲವನ್ನೂ ತಿಕ್ಕಿ ತೊಳೆದು, ವಿಭೂತಿ ಬಳಿದು, ಹೂ ಏರಿಸಬೇಕು. ನಾನು ಬೆಳಗಿನ ಮೂರು ಪೀರಿಯಡ್ ಮುಗಿಸಿ ವರಾಂಡಕ್ಕೆ ಬಂದೆ. ತೊಟ್ಟಿ ಫಳಫಳ ಹೊಳೆಯುತ್ತಿತ್ತು. ಗಾಜಿನ ಮೇಲೆ ಮೂರು ಬೆರಳಿನ ವಿಭೂತಿ, ನಡುವೆ ಕುಂಕುಮ, ಸುತ್ತ ಚೆಂಡುಹೂವಿನ ಹಾರ. ಹೊಚ್ಚ ಹೊಸ ನೀರು. ಬಣ್ಣದ ಕಲ್ಲುಗಳು ಅಂಗಡಿಯಿಂದ ತಂದ ದಿನದ ಹಾಗಿದ್ದವು. ಫಿಲ್ಟರಿನ ಸ್ಪಂಜು ಅಂಗಳದ ಕಲ್ಲಿನ ಮೇಲೆ ಬಿಸಿಲಿಗೆ ಒಣಗುತ್ತಿತ್ತು.

ತಿಪ್ಪಕ್ಕ ಪಕ್ಕದಲ್ಲೇ ನಿಂತು ನನ್ನ ಮುಖ ನೋಡುತ್ತಿದ್ದಳು. "ಬ್ಲೀಚಿಂಗ್ ಪುಡಿ ಹಾಕಿ ತಿಕ್ಕೀನಿ ಟೀಚರಮ್ಮ. ಹುಣಸೆಹಣ್ಣಾಗೂ ಒಂದು ಕೈ ತಿಕ್ಕೀನಿ. ಎಲ್ಲಾರೂ ನಿಮ್ಮನ್ನ ಪಾಚಿ ಟೀಚರು, ಪಾಚಿ ಟೀಚರು ಅಂತ ಆಡ್ಕಂತಾರೆ, ನನ್ನ ಕೈಲಿ ಕೇಳಾಕಾಗಲ್ಲ."

ನಾನು ಟೆಸ್ಟ್‌ಟ್ಯೂಬಿಗೆ ನೀರು ಹಿಡಿದೆ. ಹಳದಿಯೂ ಇಲ್ಲ, ಗುಲಾಬಿಯೂ ಇಲ್ಲ. ನಾಲ್ಕು ವಾರದ ಕೆಲಸ ಚರಂಡಿಗೆ ಹೋಗಿತ್ತು. ರಾಜ್ಯೋತ್ಸವಕ್ಕೆ ಸರಿಯಾಗಿ ಒಂದು ತಿಂಗಳು ಉಳಿದಿತ್ತು.

ಅವತ್ತು ನಾನು ತಿಪ್ಪಕ್ಕನಿಗೆ ಅಂದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಓದಿದವಳೆಂಬ ಸೊಕ್ಕು ಅದರಲ್ಲಿತ್ತು. ಆಕೆ ನನ್ನ ಉಸಿರು ತಗ್ಗುವವರೆಗೂ ಕಾದು, "ಆ ಲೋಳೆಯಾಗೆ ಏನಿತ್ತು ಅಂತಾದ್ರೂ ಹೇಳ್ರಿ" ಅಂದಳು. ಹೇಳಿದೆ. ಕಣ್ಣಿಗೆ ಕಾಣದ ಜೀವ, ಕಲ್ಲಿಗೆ ಅಂಟಿ ಬೆಳೆಯುತ್ತದೆ, ನೀರಿನ ವಿಷ ತಿನ್ನುತ್ತದೆ, ತಾನಾಗಿ ಬೆಳೆಯಲು ವಾರಗಟ್ಟಲೆ ಬೇಕು.

"ಹಂಗಂದ್ರೆ ಮೊಸರಿನ ಹೆಪ್ಪು ಇದ್ದಂಗೆ ಅನ್ರಿ."

"ಹೂಂ. ಹಂಗೇ."

"ಮತ್ತೆ ಮೊದ್ಲೇ ಹೇಳಬಾರ್ದಾ?" ಈಗ ಬೈಯುವ ಸರದಿ ಆಕೆಯದು. "ಹೆಪ್ಪಿನ ಗಡಿಗೆ ತೊಳೀಬಾರ್ದು ಅಂತ ನನಗೆ ಗೊತ್ತಿಲ್ವಾ? ನಿಮ್ಮ ಓದನ್ನ ನೀವು ಗಂಟು ಕಟ್ಟಿ ಇಟ್ಕಂಡ್ರೆ ನನಗೆಂಗೆ ಗೊತ್ತಾಗ್ತೈತೆ? ಹೋಗ್ಲಿ. ನಮ್ಮ ಮನ್ಯಾಗೆ ಹೆಪ್ಪು ಕೆಟ್ಟರೆ ಪಕ್ಕದ ಮನ್ಯಾಗೆ ಇಸ್ಕಂತೀವಿ. ಇದಕ್ಕೆ ಪಕ್ಕದ ಮನೆ ಯಾವುದು, ಅದನ್ನ ಹೇಳ್ರಿ."

ನನ್ನ ಬಿ.ಎಸ್ಸಿ.ಯಲ್ಲಿ ಉತ್ತರ ಇತ್ತು. ಈ ಪ್ರಶ್ನೆ ಇರಲಿಲ್ಲ.

ಪಕ್ಕದ ಮನೆ ನಮ್ಮ ಹಟ್ಟಿಯಲ್ಲಿತ್ತು. ದನ, ಕುರಿ ನೀರು ಕುಡಿಯುವ ದೊಡ್ಡ ಕಲ್ಲುಬಾನಿ. ಅದರಲ್ಲಿ ಆರೋಗ್ಯ ಇಲಾಖೆಯವರು ಸೊಳ್ಳೆಮರಿ ತಿನ್ನಲೆಂದು ಬಿಟ್ಟುಹೋದ ಬೆರಳುದ್ದದ ಮೀನುಗಳು ಯಾರ ಆರೈಕೆಯೂ ಇಲ್ಲದೆ ವರ್ಷಗಳಿಂದ ಬದುಕಿದ್ದವು. ತಳದ ಕಲ್ಲು, ಇಟ್ಟಿಗೆ ಚೂರುಗಳ ಮೇಲೆ ಬೆರಳಿಟ್ಟರೆ ಜಾರುವಷ್ಟು ಲೋಳೆ. ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು, ಚಳ್ಳಕೆರೆಯಲ್ಲಿ ಬಸ್ಸು ಬದಲಿಸಿ ಊರು ಸೇರಿದೆ. ಬಾನಿಯಲ್ಲಿ ಮೊಣಕೈವರೆಗೆ ಕೈಯಿಟ್ಟು ಕಲ್ಲು ಆರಿಸುತ್ತಿದ್ದವಳನ್ನು ಅವ್ವ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಕಲ್ಲು ಒಯ್ಯಾಕೆ ಬಂದ್ಯಾ? ಮೊಳಕಾಲ್ಮುರು ತುಂಬಾ ಬರೀ ಕಲ್ಲುಗುಡ್ಡ ಅಲ್ಲೇನೆ?"

"ಅವು ಒಣಕಲ್ಲವ್ವ."

"ಕೆಲಸ ಇನ್ನೂ ಐತಾ, ಬಿಡಿಸಿ ಕಳಿಸಿದ್ರಾ? ನಿಜ ಹೇಳು."

"ಐತೆ. ಉಳಿಸ್ಕಣಾಕೇ ಇದನ್ನ ಒಯ್ತಾ ಇರೋದು."

ಅವ್ವ ಗೋಣಿಚೀಲ ನೆನೆಸಿ ತಂದು ಕಲ್ಲಿನ ಮೇಲೆ ಹೊದಿಸಿದಳು. ಬಕೆಟ್ಟಿಗೆ ಬಾನಿಯ ನೀರನ್ನೇ ತುಂಬಿಕೊಂಡು ಮರುದಿನ ಬಸ್ಸು ಹತ್ತಿದೆ. ಕಂಡಕ್ಟರು ಬಗ್ಗಿ ನೋಡಿ, "ಏನಮ್ಮ ಇದು?" ಅಂದ. "ಕಲ್ಲು" ಅಂದೆ. "ಕಲ್ಲಾ?" "ಲೋಳೆ ಹಿಡಿದ ಕಲ್ಲು." ಅವನು ನನ್ನ ಮುಖವನ್ನು ಒಂದು ಸಲ ನೋಡಿ, ಮುಂದಿನ ಸೀಟಿಗೆ ಹೋದ.

ನಾನು ಬರುವಷ್ಟರಲ್ಲಿ ತಿಪ್ಪಕ್ಕ ಬ್ಲೀಚಿಂಗಿನ ವಾಸನೆ ಹೋಗುವವರೆಗೂ ತೊಟ್ಟಿ, ಕಲ್ಲು, ಸ್ಪಂಜನ್ನು ಬರೀ ನೀರಲ್ಲಿ ಜಾಲಾಡಿ ಒಣಗಿಸಿದ್ದಳು. ಹೊಸ ನೀರು ತುಂಬಿಸಿ ಬಾನಿಯ ಕಲ್ಲನ್ನು ಇಳಿಸಿದೆವು. ಆಕೆ ನನ್ನ ಕೈಯಲ್ಲಿ ಒಂದು ಚೀಟಿ ಬರೆಸಿ ಗಾಜಿಗೆ ಅಂಟಿಸಿದಳು: "ಹೆಪ್ಪು ಹಾಕಿದೆ, ಮುಟ್ಟಬೇಡಿ." ಶಾಲೆಗೆ ರಜೆ, ವರಾಂಡದಲ್ಲಿ ನಾವಿಬ್ಬರೇ. ಆ ವರ್ಷದ ಒಳ್ಳೆಯ ಮಳೆ ಬಂದದ್ದೇ ಆಗ, ವಿಜಯದಶಮಿಯ ಆಚೆ. ಮಳೆ ಬಂದರೆ ಕರೆಂಟು ಹೋಗುತ್ತಿತ್ತು. ಒಬ್ಬರು ಮೊಗೆದು ಸುಸ್ತಾದರೆ ಇನ್ನೊಬ್ಬರು ಜಗ್ಗು ಹಿಡಿಯುತ್ತಿದ್ದೆವು. ಹಳದಿ ಈ ಸಲ ಬೇಗ ಏರಿ ಬೇಗ ಇಳಿಯಿತು, ಹನ್ನೆರಡನೆಯ ದಿನಕ್ಕೆ ಮಾಯ. ಗುಲಾಬಿ ಮಾತ್ರ ಏರಿ ಕೂತಿತು, ಇಳಿಯಲೊಲ್ಲದು. "ಇನ್ನೂ ಕೆಂಪೈತಾ?" ಎಂದು ತಿಪ್ಪಕ್ಕ ದಿನಾ ಕೇಳುವಳು. ಐತೆ ಎನ್ನುವೆ. ಮತ್ತೆ ಒಂದು ಚಿಟಿಕೆ ಹಾಕುವೆ.

ರಾಜ್ಯೋತ್ಸವದ ದಿನ ಬೆಳಿಗ್ಗೆ ಏಳಕ್ಕೇ ನೋಡಿದೆ. ಬಣ್ಣ ತಿಳಿಯಾಗಿತ್ತು, ಆದರೆ ಗುಲಾಬಿಯೇ. ಎಂಟೂವರೆಗೆ ಅಧ್ಯಕ್ಷರ ಕಾರು ಬಂತು. ಕೈಯಲ್ಲಿ ಬಳ್ಳಾರಿಯ ಪ್ಲಾಸ್ಟಿಕ್ ಚೀಲ, ಅದರಲ್ಲಿ ಹತ್ತು ಮೀನು.

"ಬಿಡಮ್ಮ, ಬೇಗ ಬಿಡು. ಸಾಹೇಬ್ರು ಹತ್ತಕ್ಕೆ ಬರ್ತಾರೆ."

"ಇವತ್ತು ಬ್ಯಾಡ ಸರ್."

ಪಕ್ಕದಲ್ಲಿದ್ದ ಹೆಡ್‌ಮಾಸ್ಟರು ತಮ್ಮ ಚಪ್ಪಲಿ ನೋಡಿಕೊಳ್ಳತೊಡಗಿದರು. ನಾನು ಟೆಸ್ಟ್‌ಟ್ಯೂಬನ್ನು ಅಧ್ಯಕ್ಷರ ಕಣ್ಣೆದುರಿಗೆ ಹಿಡಿದೆ. "ಈ ಬಣ್ಣ ಕಾಣ್ತೈತಲ್ಲ ಸರ್, ಇದು ವಿಷ. ಹೋಗಾಕೆ ಇನ್ನೊಂದು ವಾರ, ಹತ್ತು ದಿನ ಬೇಕು."

"ಇವತ್ತೊಂದಿನ ಇರ್ಲಿ. ನಾಳೆ ಬೇಕಾದ್ರೆ ತೆಗಿ."

"ಇವತ್ತು ಬದುಕಿರ್ತಾವೆ ಸರ್. ಒಳಗೇ ಸುಟ್ಟಿರ್ತಾವೆ. ಗೊತ್ತಿಲ್ದೆ ಹದಿನಾರು ಕೊಂದೀನಿ. ಗೊತ್ತಿದ್ದೂ ಹತ್ತು ಕೊಲ್ಲಾಕೆ ನನ್ನ ಕೈಲಿ ಆಗಲ್ಲ."

"ನಾನು ಅಂಗಡೀಲಿ ಏನು ಹೇಳಿದ್ದೆ, ನೆನಪೈತಾ?"

"ಐತೆ ಸರ್."

ಮಕ್ಕಳು ಬಾವುಟದ ಕಂಬದ ಹತ್ತಿರ ಸಾಲು ನಿಲ್ಲುತ್ತಿದ್ದರು. ನಾನು ಇನ್ನೊಂದು ಮಾತು ಸೇರಿಸಿದೆ. "ಇವನ್ನ ಮನೆಗೆ ಒಯ್ದು ಅಗಲ ಬಾಯಿನ ಪಾತ್ರೇಲಿ ಬಿಡ್ರಿ ಸರ್. ದಿನಾ ಅರ್ಧ ನೀರು ಚೆಲ್ಲಿ, ಎರಡು ದಿನ ತೆರೆದಿಟ್ಟ ನೀರು ಹಾಕ್ರಿ. ಆಹಾರ ತೀರಾ ಕಮ್ಮಿ."

ಅವರು ಚೀಲ ಹಿಡಿದುಕೊಂಡು ಕಾರಿಗೆ ಹೋದರು. ಹತ್ತಕ್ಕೆ ಸಾಹೇಬರು ಬಂದರು. ದೀಪ ಉರಿಯುವ, ನೀರು ಗುಳುಗುಟ್ಟುವ ಖಾಲಿ ತೊಟ್ಟಿಯ ಮುಂದೆ ನಿಂತು, "ಮೀನೆಲ್ಲಿ?" ಎಂದರು. ಟೀ ತಟ್ಟೆ ಹಿಡಿದಿದ್ದ ತಿಪ್ಪಕ್ಕ, "ಮನೆ ಕಟ್ಟೀವ್ರಿ ಸಾಹೇಬ್ರೆ, ಗೃಹಪ್ರವೇಶಕ್ಕೆ ಇನ್ನೊಂದು ವಾರ ಐತೆ" ಅಂದಳು. ಸಾಹೇಬರು ನಕ್ಕರು. ಅಧ್ಯಕ್ಷರು ನಗಲಿಲ್ಲ.

ಒಂಬತ್ತನೆಯ ದಿನ ಎರಡೂ ಟ್ಯೂಬು ತಿಳಿನೀರಾಗಿ ನಿಂತವು. ನಂಬದೆ, ಎರಡರಷ್ಟು ಆಹಾರ ಹಾಕಿ ಮಾರನೆಯ ದಿನ ಮತ್ತೆ ನೋಡಿದೆ. ಹಳದಿಯಿಲ್ಲ, ಗುಲಾಬಿಯಿಲ್ಲ. ತೊಟ್ಟಿ ತನ್ನ ವಿಷವನ್ನು ತಾನೇ ತಿನ್ನುವುದನ್ನು ಕಲಿತಿತ್ತು. ಅಧ್ಯಕ್ಷರಿಗೆ ಹೇಳಿ ಕಳಿಸಿದೆ. ಸಂಜೆ ಅವರೇ ಬಂದರು. ಕಾರಿನ ಹಿಂದಿನ ಸೀಟಿನಿಂದ ಅಗಲವಾದ ಸ್ಟೀಲ್ ಪಾತ್ರೆಯೊಂದನ್ನು ತುಳುಕದಂತೆ ಎರಡೂ ಕೈಯಲ್ಲಿ ಎತ್ತಿಕೊಂಡರು.

"ಹತ್ರಾಗೆ ಎರಡು ಹೋದ್ವಮ್ಮ" ಅಂದರು, ದನಿ ತಗ್ಗಿಸಿ. "ದಿನಾ ಬೆಳಿಗ್ಗೆ ನಾನೇ ನೀರು ಬದಲಿಸಿದೆ. ಒಂದು ದಿನ ಬಳ್ಳಾರಿಗೆ ಹೋಗಿದ್ದೆ, ಅವತ್ತೇ ಹೋದ್ವು."

"ಮೊದ್ಲು ಮೂರು ಬಿಡ್ರಿ ಸರ್. ಉಳಿದವು ವಾರ ಬಿಟ್ಟು. ಒಮ್ಮೆಗೇ ಬಿಟ್ರೆ ಕಲ್ಲಿನ ಮೇಲಿನ ಹೆಪ್ಪು ತಡಿಯಲ್ಲ."

ಅವರು ಮೂರೇ ಬಿಟ್ಟರು. ಬೆಂಚೆಳೆದುಕೊಂಡು ಕತ್ತಲಾಗುವವರೆಗೂ ಅಲ್ಲೇ ಕೂತಿದ್ದರು. ತಿಂಗಳೊಳಗೆ ಎಂಟೂ ತೊಟ್ಟಿ ಸೇರಿದವು. ಡಿಸೆಂಬರ್ ಕಳೆಯಿತು, ಶಿವರಾತ್ರಿ ಕಳೆಯಿತು, ಒಂದೂ ತೇಲಲಿಲ್ಲ. ನನ್ನ ಕೆಲಸದ ಬಗ್ಗೆ ಅವರೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ. ಕೊಟ್ಟ ಮಾತು ಮಾತೇ.

ಏಪ್ರಿಲ್‌ನಲ್ಲಿ ಫಲಿತಾಂಶ ಓದಿದ ದಿನ ಅಧ್ಯಕ್ಷರು ವರಾಂಡಕ್ಕೆ ಬಂದರು. ನಾನು ತೊಟ್ಟಿಯ ಕಾಲುಭಾಗ ನೀರು ಬದಲಿಸುತ್ತಿದ್ದೆ. ಗಾಜಿಗೆ ಬಗ್ಗಿ ಮೀನು ಎಣಿಸಿದರು.

"ಬೇಸಿಗೆ ರಜೇಲಿ ಇವನ್ನ ಯಾರು ನೋಡ್ಕಣೋದಮ್ಮ?"

"ಜೂನ್‌ನಾಗೆ ವಿಜ್ಞಾನದ ಟೀಚರ್ ಯಾರಿರ್ತಾರೋ ಅವರನ್ನ ಕೇಳ್ರಿ ಸರ್."

"ಅವರನ್ನೇ ಕೇಳ್ತಾ ಇದೀನಿ" ಅಂದರು.

ಆ ಬೇಸಿಗೆಯಲ್ಲಿ ನಾನು ಊರಿಗೆ ಹೋದದ್ದು ಎರಡೇ ದಿನ. ಶಾಲೆಯ ಬೀಗದ ಕೈ ನನ್ನ ಸೆರಗಿನ ತುದಿಯಲ್ಲಿತ್ತು.